ಅಮ್ಮನ ಜೊತೆ ಕೋಸ್ಟರಿಕದಲ್ಲಿ ಏಳು ದಿನ

ಅಮ್ಮ ಶಿರಸಿಯಿಂದ ಹ್ಯೂಸ್ಟನ್‌ಗೆ ಬಂದು ಎರಡು ತಿಂಗಳಾಗಿತ್ತು. ಮಾಲ್, ದೇವಸ್ಥಾನ, ಮತ್ತೆ ಮಾಲ್. ಒಂದು ದಿನ ಅಡುಗೆಮನೆ ಕಿಟಕಿಯ ಹತ್ತಿರ ನಿಂತು, “ಇಲ್ಲೆಲ್ಲೂ ಒಂದು ಒಳ್ಳೆ ಕಾಡು ಇಲ್ವಾ?” ಅಂತ ಕೇಳಿದಳು. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮಧ್ಯ ಅಮೆರಿಕದ ಕೋಸ್ಟರಿಕ. ನಮ್ಮ ಊರಿಂದ ವಿಮಾನದಲ್ಲಿ ನಾಲ್ಕು ಗಂಟೆಯ ದಾರಿ. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಅಮೆರಿಕದ ವೀಸಾ ಇದ್ದುದರಿಂದ ಬೇರೆ ವೀಸಾ ಬೇಕಾಗಲಿಲ್ಲ. ಇಂಥ ನಿಯಮ ಬದಲಾಗುತ್ತಲೇ ಇರುತ್ತದೆ, ಹೊರಡುವ ಮುಂಚೆ ನೀವೂ ಒಮ್ಮೆ ನೋಡಿಕೊಳ್ಳಿ.

ಹೊರಟವರು ಐದು ಜನ. ಅರವತ್ತೇಳರ ಅಮ್ಮ, ನಾನು, ನನ್ನವರು, ಹದಿನೈದರ ಮಗಳು, ಒಂಬತ್ತರ ಮಗ. ಆಗಸ್ಟ್ ಮೊದಲ ವಾರ, ಅಲ್ಲಿ ಮಳೆಗಾಲ. ಮಳೆ ಜಾಸ್ತಿ ಅಂತ ಎಲ್ಲರೂ ಹೆದರಿಸಿದರು. “ಕಾಡು ನೋಡಬೇಕಾದ್ದೇ ಮಳೆಗಾಲದಲ್ಲಿ” ಅಂದಳು ಅಮ್ಮ. ಅವಲಕ್ಕಿ, ಚಟ್ನಿಪುಡಿ, ಮೂರು ಕೊಡೆ ಪ್ಯಾಕ್ ಆದವು.

ಮೊದಲ ದಿನ: ಸಾನ್ ಹೋಸೆ

ಕೋಸ್ಟರಿಕ ಚಿಕ್ಕ ದೇಶ. ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪ ದೊಡ್ಡದು. ಜನ ಐವತ್ತು ಲಕ್ಷದ ಆಸುಪಾಸು. ರಾಜಧಾನಿ ಸಾನ್ ಹೋಸೆ ಗುಡ್ಡಗಳ ನಡುವಿನ ತಂಪು ಊರು. ಮಧ್ಯಾಹ್ನ ಇಳಿದವರು ಸಂಜೆಯೊಳಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಹಳದಿ ಗೋಡೆಯ ಈ ಕಟ್ಟಡ ಹಿಂದೆ ಸೈನ್ಯದ ಬ್ಯಾರಕ್ ಆಗಿತ್ತು. 1948ರಲ್ಲಿ ಒಂದು ಅಂತರ್ಯುದ್ಧ ಮುಗಿದ ಮೇಲೆ ಹೋಸೆ ಫಿಗೆರೆಸ್ ಎಂಬ ನಾಯಕ ಅದೇ ವರ್ಷ ಡಿಸೆಂಬರ್ 1ರಂದು ಇಲ್ಲಿನ ಗೋಡೆಗೆ ಸುತ್ತಿಗೆಯಿಂದ ಹೊಡೆದು, ಇನ್ನು ಈ ದೇಶಕ್ಕೆ ಸೈನ್ಯ ಬೇಡ ಎಂದು ಸಾರಿದರು. ಇವತ್ತಿಗೂ ಇಲ್ಲಿ ಸೈನ್ಯ ಇಲ್ಲ. ಬುರುಜಿನ ಗೋಡೆಯಲ್ಲಿ ಗುಂಡು ತಾಗಿದ ತೂತುಗಳು ಹಾಗೇ ಇವೆ. ಒಳಗೆ ಬರುವ ದಾರಿಯಲ್ಲಿ ಚಿಟ್ಟೆಗಳ ತೋಟ. ಮಗ ಸುಮಾರು ಹೊತ್ತು ಎರಡರ ನಡುವೆ ಓಡಾಡಿದ. ತೂತು ನೋಡುವುದು, ಚಿಟ್ಟೆ ನೋಡುವುದು.

ಹಳೇ ಮಾರ್ಕೆಟ್ಟಿನಲ್ಲಿ ಕಾಫಿ ಕುಡಿದೆವು. ಮರದ ಸಣ್ಣ ಸ್ಟ್ಯಾಂಡ್, ಅದಕ್ಕೆ ತೂಗು ಹಾಕಿದ ಬಟ್ಟೆ ಚೀಲ, ಕೆಳಗೆ ಲೋಟ. ಪುಡಿ ಹಾಕಿ ಮೇಲಿಂದ ಕುದಿವ ನೀರು ಬಿಡುತ್ತಾರೆ. ಇದಕ್ಕೆ ಚೊರೆಯಾದೊರ್ ಅಂತ ಹೆಸರು. ಅಮ್ಮ ಚೀಲದ ಬಣ್ಣ ನೋಡಿ, “ನಮ್ಮ ಮನೆ ಕಾಫಿ ಬಟ್ಟೆಯೂ ಹೀಗೇ ಕಂದಾಗಿತ್ತು” ಅಂದಳು. ಇಲ್ಲಿ ಬೆಳೆಯುವುದು ಹೆಚ್ಚುಕಡಿಮೆ ಅರೇಬಿಕಾ ಒಂದೇ. 1989ರಿಂದ 2018ರವರೆಗೆ ರೊಬಸ್ಟಾ ಗಿಡ ಹಾಕುವುದನ್ನೇ ನಿಷೇಧಿಸಿದ್ದರು. ಚಿಕೋರಿ ಇಲ್ಲದ, ಹಾಲಿಲ್ಲದ ಆ ಕಾಫಿಯನ್ನು ಅಮ್ಮ ಪೂರ್ತಿ ಕುಡಿದಳು. ಆಮೇಲೆ ಹಾಲು ಎಲ್ಲಿ ಅಂತ ಕೇಳಿದಳು.

ಎರಡನೇ ದಿನ: ಟೊರ್ಟುಗೇರೊ

ಬೆಳಗ್ಗೆ ಆರಕ್ಕೆ ವ್ಯಾನ್. ದಾರಿ ಬ್ರೌಲಿಯೊ ಕರೀಯೊ ರಾಷ್ಟ್ರೀಯ ಉದ್ಯಾನದ ಒಳಗಿಂದ ಹೋಗುತ್ತದೆ. ಎರಡೂ ಕಡೆ ಮೋಡ ತಾಗಿದ ಕಾಡು. ರಸ್ತೆ ಬದಿಯಲ್ಲಿ ಮೊರಕ್ಕಿಂತ ಅಗಲದ ಎಲೆಗಳ ಗಿಡ. ಇದನ್ನು ಇಲ್ಲಿನವರು ‘ಬಡವನ ಕೊಡೆ’ ಅನ್ನುತ್ತಾರಂತೆ. “ಕೊಪ್ಪೆ!” ಅಂತ ಅಮ್ಮ ಕೂಗಿದಳು. ನಮ್ಮಲ್ಲಿ ಗದ್ದೆ ಕೆಲಸಕ್ಕೆ ಹೋಗುವಾಗ ತಲೆ ಮೇಲೆ ಹೊದೆಯುತ್ತಿದ್ದ ಕೊಪ್ಪೆ ಅಂದರೇನು ಅಂತ ಮಕ್ಕಳಿಗೆ ಹೇಳುವಷ್ಟರಲ್ಲಿ ಘಟ್ಟ ಇಳಿದು ಬಾಳೆತೋಟಗಳು ಶುರುವಾದವು. ಮೈಲಿಗಟ್ಟಲೆ ಬಾಳೆ. ಒಂದೊಂದು ಗೊನೆಗೂ ನೀಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಕೀಟನಾಶಕ. ನಮ್ಮ ಹ್ಯೂಸ್ಟನ್ ಅಂಗಡಿಯ ಬಾಳೆಹಣ್ಣೂ ಇಂಥ ಕಡೆಯಿಂದಲೇ ಬರುತ್ತದೆ ಅಲ್ವಾ ಅಂತ ಮಗಳು ಕೇಳಿದಳು. ಹೌದು. ಅದಾದ ಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಟೊರ್ಟುಗೇರೊಗೆ ರಸ್ತೆ ಇಲ್ಲ. ಲಾ ಪವೋನಾ ಎಂಬಲ್ಲಿ ವ್ಯಾನ್ ಬಿಟ್ಟು ದೋಣಿ ಹತ್ತಬೇಕು. ಒಂದು ಗಂಟೆ ನದಿಯಲ್ಲಿ. ನದಿ ದಡದಲ್ಲಿ ಮೊಸಳೆ, ಮರದ ಮೇಲೆ ಇಗ್ವಾನ. ಒಂದು ಕಡೆ ಕಾಲುವೆ, ಒಂದು ಕಡೆ ಕೆರಿಬಿಯನ್ ಸಮುದ್ರ, ನಡುವೆ ಪಟ್ಟಿಯಂಥ ಮರಳುದಿಬ್ಬದ ಮೇಲೆ ಊರು. ಊರಲ್ಲಿ ಕಾರಿಲ್ಲ.

ಹಸಿರು ಕಡಲಾಮೆಗಳು ಜುಲೈನಿಂದ ಅಕ್ಟೋಬರ್‌ವರೆಗೆ ಇಲ್ಲಿಗೆ ಸಾವಿರಾರು ಸಂಖ್ಯೆಯಲ್ಲಿ ಬಂದು ಮೊಟ್ಟೆ ಇಡುತ್ತವೆ. ನಮಗೆ ರಾತ್ರಿ ಹತ್ತರ ಸರದಿ ಸಿಕ್ಕಿತ್ತು. ಕಪ್ಪು ಬಟ್ಟೆ ಹಾಕಬೇಕು. ಫೋನ್, ಕ್ಯಾಮೆರಾ, ಟಾರ್ಚ್ ಯಾವುದೂ ಒಯ್ಯುವಂತಿಲ್ಲ. ಬೆಳಕು ಕಂಡರೆ ಆಮೆ ಮೊಟ್ಟೆ ಇಡದೆ ನೀರಿಗೆ ಮರಳಿಬಿಡುತ್ತದೆ. ಗೈಡ್ ಕೈಯಲ್ಲಿ ಮಾತ್ರ ಒಂದು ಸಣ್ಣ ಕೆಂಪು ದೀಪ. ಹಾಗಾಗಿ ಈ ಇಡೀ ಪ್ರವಾಸದಲ್ಲಿ ನಾವು ನೋಡಿದ ಅತಿ ದೊಡ್ಡ ಸಂಗತಿಗೆ ನಮ್ಮ ಹತ್ತಿರ ಒಂದೂ ಫೋಟೊ ಇಲ್ಲ.

ಮೊದಲು ಮರಗಳ ಹಿಂದೆ ಕತ್ತಲಲ್ಲಿ ಕೂತೆವು. ಆಮೆ ಮೇಲೆ ಬಂದು, ಗುಂಡಿ ತೋಡಿ, ಮೊಟ್ಟೆ ಇಡಲು ಶುರು ಮಾಡಿದ ಮೇಲೆಯೇ ಹತ್ತಿರ ಬಿಡುತ್ತಾರೆ. ಮೊಟ್ಟೆ ಇಡುವಾಗ ಅದಕ್ಕೆ ಬೇರೆ ಯಾವ ಗಮನವೂ ಇರುವುದಿಲ್ಲ. ಅರ್ಧ ಗಂಟೆ ಕಳೆಯಿತು. ಗೈಡ್ ಕೈ ಬೀಸಿದರು. ಹಿಂದಿನಿಂದ, ಸದ್ದು ಮಾಡದೆ ಹೋದೆವು.

ನಮ್ಮ ಊಟದ ಟೇಬಲ್ಲಿನಷ್ಟು ಇತ್ತು ಅದು. ಹಿಂದಿನ ಎರಡು ಕಾಲು ದೋಣಿಯ ಹುಟ್ಟಿನ ಹಾಗೆ. ಅದೇ ಕಾಲನ್ನು ಸೌಟಿನಂತೆ ಮಡಚಿ ಗುಂಡಿ ತೋಡಿತ್ತು. ಗುಂಡಿಯ ಅಂಚು ಎಷ್ಟು ನುಣುಪು ಅಂದರೆ ಕುಂಬಾರ ಮಾಡಿದ ಗಡಿಗೆಯ ಕಂಠದಂತಿತ್ತು. ಅದರೊಳಗೆ ಎರಡೆರಡು, ಮೂರ್ಮೂರು ಮೊಟ್ಟೆ ಬೀಳುತ್ತಿದ್ದವು. ಲೋಳೆ ಹಚ್ಚಿಕೊಂಡು ಹೊಳೆಯುವ ದುಂಡನೆಯ ಮೊಟ್ಟೆ. ಬಿದ್ದಾಗ ಒಡೆಯುವುದಿಲ್ಲ, ಸಿಪ್ಪೆ ಮೆತ್ತಗಿರುತ್ತದೆ. ಅದರ ಉಸಿರು ಕೇಳುತ್ತಿತ್ತು. ದೊಡ್ಡ ನಿಟ್ಟುಸಿರು, ಆಮೇಲೆ ಮೌನ, ಮತ್ತೆ ನಿಟ್ಟುಸಿರು. ಮಗ ಪಿಸುಗುಟ್ಟುತ್ತಾ ಎಣಿಸಿದ. ಅರವತ್ತನಾಲ್ಕರ ಹತ್ತಿರ ಲೆಕ್ಕ ತಪ್ಪಿತು. ಒಟ್ಟು ನೂರರ ಮೇಲಿರುತ್ತದೆ ಅಂದರು ಗೈಡ್.

ಅಮ್ಮ ಮಾತ್ರ ಒಂದು ನಿಮಿಷ ನೋಡಿ ಹಿಂದೆ ಸರಿದಳು. “ಹೆರಿಗೆ ಕೋಣೇಲಿ ಇಷ್ಟು ಜನ ನಿಲ್ಲಬಾರದು” ಅಂತ ನನ್ನ ಕಿವಿಯಲ್ಲಿ ಹೇಳಿದಳು. ನಾನೂ ಅವಳ ಜೊತೆ ಬಂದೆ. ಆಮೆ ಗುಂಡಿ ಮುಚ್ಚಿ, ಸುತ್ತ ಮರಳು ಎರಚಿ ಜಾಗದ ಗುರುತೇ ಸಿಗದಂತೆ ಮಾಡಿ, ಸಮುದ್ರದ ಕಡೆ ತಿರುಗಿತು. ಹತ್ತು ಹೆಜ್ಜೆ, ವಿಶ್ರಾಂತಿ. ಹತ್ತು ಹೆಜ್ಜೆ, ವಿಶ್ರಾಂತಿ. ಒಂದು ತೆರೆ ಬಂತು, ಇನ್ನೊಂದು ಬಂತು, ಮೂರನೆಯದರಲ್ಲಿ ಅದು ಇರಲಿಲ್ಲ.

ಮೂರನೇ ದಿನ: ಕಾಲುವೆಗಳು

ಬೆಳಗಿನ ಜಾವ ಹುಟ್ಟು ಹಾಕುವ ದೋಣಿಯಲ್ಲಿ ಕಾಲುವೆಗೆ ಹೋದೆವು. ಮೋಟಾರ್ ಇಲ್ಲದ್ದರಿಂದ ಕಾಡಿನ ಸದ್ದು ಪೂರ್ತಿ ಕಿವಿಗೆ ಬೀಳುತ್ತದೆ. ಊಳಿಡುವ ಕೋತಿಗಳ ಕೂಗು ಕೇಳಿ ಮಗ ಹುಲಿ ಅಂದುಕೊಂಡ. ನೀರಿನ ಮೇಲೇ ಓಡುವ ಬಸಿಲಿಸ್ಕ್ ಹಲ್ಲಿಯನ್ನು ಮಗಳು ಎರಡು ಸಲ ಕಂಡಳು, ನಾನು ಒಂದು ಸಲವೂ ಕಾಣಲಿಲ್ಲ.

ನಿನ್ನೆಯ ಗೈಡೇ ಇವತ್ತೂ ಬಂದಿದ್ದರು. ಅವರ ಅಜ್ಜ ಆಮೆ ಹಿಡಿಯುವವರಂತೆ. ಊರಿನ ಹೆಸರೇ ಆಮೆ ಹಿಡಿಯುವುದರಿಂದ ಬಂದದ್ದು. ದಡಕ್ಕೆ ಬಂದ ಆಮೆಯನ್ನು ಬೆನ್ನಡಿ ಮಾಡಿ, ಜೀವಂತವಾಗಿ ಹಡಗಿಗೆ ಹಾಕಿ ಸೂಪ್‌ಗಾಗಿ ಹೊರದೇಶಕ್ಕೆ ಕಳಿಸುತ್ತಿದ್ದರು. 1950ರ ದಶಕದಲ್ಲಿ ಆರ್ಚಿ ಕಾರ್ ಎಂಬ ಅಮೆರಿಕದ ಪ್ರಾಣಿವಿಜ್ಞಾನಿ ಇಲ್ಲಿಗೆ ಬಂದು ಆಮೆಗಳ ಕಾಲಿಗೆ ಗುರುತಿನ ಬಿಲ್ಲೆ ಹಾಕಲು ಶುರು ಮಾಡಿದರು. ಆಮೆ ರಕ್ಷಣೆಗೆ ಸಂಸ್ಥೆ ಹುಟ್ಟಿದ್ದು 1959ರಲ್ಲಿ, ರಾಷ್ಟ್ರೀಯ ಉದ್ಯಾನ ಆದದ್ದು 1975ರಲ್ಲಿ. ಆಮೆಯ ಜಾಡು ಹಿಡಿಯಬಲ್ಲ ಊರಿನವರೇ ಈಗ ಗೈಡ್‌ಗಳು. ನಮ್ಮ ಹೊನ್ನಾವರದ ದಡಕ್ಕೂ ಕಡಲಾಮೆ ಬರುತ್ತದೆ, ಅದು ಇನ್ನೂ ಸಣ್ಣ ಜಾತಿ ಅಂತ ನಾನು ಹೇಳಿದೆ. ಅಲ್ಲಿ ಮೊಟ್ಟೆ ಕಾಯುವವರು ಯಾರು ಅಂತ ಅವರು ತಕ್ಷಣ ಕೇಳಿದರು. ಅರಣ್ಯ ಇಲಾಖೆಯವರು, ಮೀನುಗಾರರು ಅಂದೆ. ತಲೆಯಾಡಿಸಿದರು.

ಮಧ್ಯಾಹ್ನ ಮಳೆ ಆಗುಂಬೆಯ ಹಾಗೆ ಹಿಡಿಯಿತು. ಕೆರಿಬಿಯನ್ ಕಡೆಯ ಊಟ ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ, ಕಾಳು. ಅಮ್ಮನಿಗೆ ಮನೆ ಊಟ ಸಿಕ್ಕಂತಾಯಿತು. ಸಸ್ಯಾಹಾರಿಗಳಿಗೆ ಒಂದು ಮಾತು. ಕೆಲವು ಕಡೆ ಕಾಳಿಗೆ ಹಂದಿಯ ಕೊಬ್ಬು ಹಾಕುತ್ತಾರೆ. “ಸಿನ್ ಕಾರ್ನೆ, ಸಿನ್ ಮಾಂತೇಕಾ” ಅಂತ ಹೇಳಿ. ಮಾಂಸ ಬೇಡ, ಕೊಬ್ಬು ಬೇಡ ಅಂತ ಅರ್ಥ. ನಗುತ್ತಾ ಬೇರೆ ಮಾಡಿಕೊಡುತ್ತಾರೆ.

ನಾಲ್ಕನೇ ದಿನ: ದಾರಿಯಲ್ಲೇ

ದೋಣಿ ಇಳಿದ ಮೇಲೆ ಕರೆದೊಯ್ಯಬೇಕಿದ್ದ ವ್ಯಾನ್ ಬರಲೇ ಇಲ್ಲ. ಮುಂಗಡ ಕೊಟ್ಟಿದ್ದೆವು, ಫೋನ್ ಎತ್ತುವವರಿಲ್ಲ. ಮೂರು ಗಂಟೆ ಮಳೆಯಲ್ಲಿ ಕಾದೆವು. ಕೊನೆಗೆ ದೋಣಿಕಟ್ಟೆಯ ಹೋಟೆಲಿನಾಕೆ ತನ್ನ ತಮ್ಮನಿಗೆ ಹೇಳಿ ಕಾರು ತರಿಸಿಕೊಟ್ಟಳು. ಕಾಯುವಾಗ ಅಮ್ಮನಿಗೊಂದು ಲೋಟ ಬಿಸಿ ಪಾನೀಯ ಕೊಟ್ಟಳು. ಅಮ್ಮ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದಳು. ಬೆಲ್ಲದ ನೀರು! ಇಲ್ಲಿ ಇದಕ್ಕೆ ಅಗ್ವಾ ದುಲ್ಸೆ ಅನ್ನುತ್ತಾರೆ. ಕಬ್ಬಿನ ಹಾಲು ಕಾಯಿಸಿ ಮರದ ಅಚ್ಚಿನಲ್ಲಿ ಹೊಯ್ದ ಬೆಲ್ಲದ ಅಚ್ಚನ್ನೇ ಆಕೆ ಒಳಗಿಂದ ತಂದು ತೋರಿಸಿದಳು. ಬಂದವರಿಗೆ ಬೆಲ್ಲ, ನೀರು ಕೊಡುವ ಮನೆಯಲ್ಲಿ ಹುಟ್ಟಿದವಳು ಅಮ್ಮ. ಆಕೆಯ ಕೈ ಹಿಡಿದು ಕನ್ನಡದಲ್ಲೇ ಏನೇನೋ ಹೇಳಿದಳು. ಆಕೆಯೂ ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಟ್ಟಳು. ಅರೆನಾಲ್ ಜ್ವಾಲಾಮುಖಿಯ ಬುಡದ ಊರು ಲಾ ಫೋರ್ಟುನಾ ಮುಟ್ಟಿದಾಗ ಕತ್ತಲಾಗಿತ್ತು.

ಐದನೇ ದಿನ: ಅರೆನಾಲ್

ಅರೆನಾಲ್ ಜ್ವಾಲಾಮುಖಿ ಬೆಳಗ್ಗೆ ಇಪ್ಪತ್ತು ನಿಮಿಷ ಮುಖ ತೋರಿಸಿ ಮೋಡದೊಳಗೆ ಹೋಯಿತು. ಮಕ್ಕಳು ಬರೆಯುವ ಚಿತ್ರದ ಗುಡ್ಡದಂತೆ ನೆಟ್ಟಗಿನ ಶಂಕು. ನೂರಾರು ವರ್ಷ ಸುಮ್ಮನಿದ್ದು, 1968ರ ಜುಲೈ 29ರ ಬೆಳಗ್ಗೆ ಇದ್ದಕ್ಕಿದ್ದಂತೆ ಸಿಡಿಯಿತು. ಹಳ್ಳಿಗಳು ಮುಚ್ಚಿಹೋದವು, 87 ಜನ ಸತ್ತರು. ಆಮೇಲೆ 2010ರವರೆಗೂ ಲಾವಾ ಉಗುಳುತ್ತಲೇ ಇತ್ತು. ಹಳೇ ಲಾವಾ ಹರಿದ ಕಪ್ಪು ಕಲ್ಲಿನ ಮೇಲೆ ನಡೆದೆವು. ಕಲ್ಲಿನ ಸಂದಿಯಲ್ಲೆಲ್ಲ ಸೀತಾಳೆ ಜಾತಿಯ ಹೂವು, ಜರೀಗಿಡ.

ಮಗನಿಗೆ ಜ್ವಾಲಾಮುಖಿಗಿಂತ ಇರುವೆ ಹೆಚ್ಚು ಇಷ್ಟವಾಯಿತು. ಎಲೆ ಕತ್ತರಿಸುವ ಇರುವೆಗಳ ಸಾಲು ದಾರಿಗೆ ಅಡ್ಡ ಹೋಗುತ್ತಿತ್ತು. ಒಂದೊಂದರ ತಲೆ ಮೇಲೂ ಹಸಿರು ಎಲೆಯ ಚೂರು, ದೂರದಿಂದ ನೋಡಿದರೆ ಸಣ್ಣ ಸಣ್ಣ ಹಾಯಿದೋಣಿಗಳ ಸಾಲು. ಆ ಎಲೆಯನ್ನು ಅವು ತಿನ್ನುವುದಿಲ್ಲ. ಗೂಡಿನೊಳಗೆ ಅಗಿದು, ಅದರ ಮೇಲೆ ಒಂದು ಬಗೆಯ ಶಿಲೀಂಧ್ರ ಬೆಳೆಸಿ, ಅದನ್ನು ತಿನ್ನುತ್ತವೆ. “ಅಂದ್ರೆ ಇವು ರೈತರು” ಅಂದ ಮಗ. ಸೊಪ್ಪು ಹಾಕಿ ತೋಟ ಮಾಡಿದ ಅಜ್ಜಿಗೆ ಅದು ಬಹಳ ಸರಿ ಅನ್ನಿಸಿತು. ಅಜ್ಜಿ ಮೊಮ್ಮಗ ಇಬ್ಬರೂ ಮಂಡಿಯೂರಿ ಕೂತು ಮುಕ್ಕಾಲು ಗಂಟೆ ನೋಡಿದರು. ಜಲಪಾತಕ್ಕೆ ತಡವಾಯಿತು, ಆಗಲಿ ಬಿಡಿ. ಅಲ್ಲಿ ಹೇಗೂ ಐನೂರು ಮೆಟ್ಟಿಲು, ಅಮ್ಮ ಮೇಲೇ ಕೂತಳು.

ಸಂಜೆ ತಬಕೋನ್ ಹತ್ತಿರ ರಸ್ತೆ ಬದಿಯ ಬಿಸಿನೀರ ಹೊಳೆಯಲ್ಲಿ ಎಲ್ಲರೂ ಕಾಲು ಚಾಚಿ ಕೂತೆವು. ದೊಡ್ಡ ರೆಸಾರ್ಟುಗಳು ಇದೇ ನೀರಿಗೆ ತುಂಬಾ ದುಡ್ಡು ತೆಗೆದುಕೊಳ್ಳುತ್ತವೆ. ಊರಿನವರು ಬರುವುದು ಪುಕ್ಕಟೆ ಇರುವ ಈ ಜಾಗಕ್ಕೆ. ಅವರ ಮಕ್ಕಳ ಜೊತೆ ನಮ್ಮ ಮಕ್ಕಳೂ ಸೇರಿ ಕಲ್ಲಿನ ಕಟ್ಟೆ ಕಟ್ಟಿದರು.

ಆರನೇ ದಿನ: ಕೆರೆ ದಾಟಿ ಗುಡ್ಡಕ್ಕೆ

ಅರೆನಾಲ್ ಕೆರೆ ಅಣೆಕಟ್ಟಿನಿಂದ ಆದದ್ದು, ದೇಶಕ್ಕೆ ಜಲವಿದ್ಯುತ್ ಕೊಡುವಂಥದ್ದು. ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ವ್ಯಾನ್ ಹತ್ತಿದರೆ ಮೊಂಟೆವೆರ್ಡೆ. ರಸ್ತೆ ಕೆಟ್ಟದ್ದು, ನೋಟ ಚೆಂದ. ಬೋಳು ಗುಡ್ಡಗಳಲ್ಲಿ ದನ ಮೇಯುತ್ತಿದ್ದವು. ಪಕ್ಕದ ಗುಡ್ಡದಲ್ಲಿ ಎಳೇ ಕಾಡು. “ಅದೂ ನಾನು ಚಿಕ್ಕವನಿದ್ದಾಗ ಹುಲ್ಲುಗಾವಲೇ” ಅಂದರು ಡ್ರೈವರ್. ದನದ ಮಾಂಸ ಅಮೆರಿಕಕ್ಕೆ ಕಳಿಸಲು ಇಲ್ಲಿ ಕಾಡು ಕಡಿದದ್ದು ಅಷ್ಟಿಷ್ಟಲ್ಲ. 1980ರ ದಶಕದ ಹೊತ್ತಿಗೆ ದೇಶದಲ್ಲಿ ಉಳಿದಿದ್ದ ಕಾಡು ಕಾಲು ಭಾಗದ ಆಸುಪಾಸು. 1996ರಲ್ಲಿ ಹೊಸ ಅರಣ್ಯ ಕಾನೂನು ಬಂತು. ಇದ್ದ ಕಾಡನ್ನು ಬೇರೆ ಕೆಲಸಕ್ಕೆ ಕಡಿಯುವಂತಿಲ್ಲ. ತನ್ನ ಜಮೀನಿನಲ್ಲಿ ಕಾಡು ಉಳಿಸಿಕೊಂಡವನಿಗೆ ಸರ್ಕಾರ ಹಣ ಕೊಡುತ್ತದೆ, ಅದರಲ್ಲಿ ಒಂದು ಪಾಲು ಪೆಟ್ರೋಲ್ ತೆರಿಗೆಯದು. ಈಗ ದೇಶದ ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಕಾಡಿದೆ. ಬೆಟ್ಟದ ಸೊಪ್ಪಿಗೆ ಸರ್ಕಾರದ ಜೊತೆ ಜಗಳವಾಡಿದ ಊರಿನ ಅಮ್ಮ ಈ ಮಾತನ್ನು ಎರಡು ಸಲ ಕೇಳಿ ತಿಳಿದುಕೊಂಡಳು.

ರಾತ್ರಿ ಊಟಕ್ಕೆ ಒಂದು ಪಲ್ಯ ಬಂತು. ಸೀಮೆಬದನೆಕಾಯಿ! ಇಲ್ಲಿ ಚಯೋಟೆ. ಅದರ ತವರು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯೇ. ನಮ್ಮ ಬಾಯಲ್ಲಿ ಅಷ್ಟು ವರ್ಷ ಬರೀ ‘ಸೀಮೆ’ ಆಗಿದ್ದ ಊರಿಗೆ ಬಂದು ಕೂತಿದ್ದೆವು. ಬೆಳಗ್ಗೆ ತಿಂದ ಪರಂಗಿ ಹಣ್ಣಿನ ಕಥೆಯೂ ಅದೇ.

ಏಳನೇ ದಿನ: ಮೋಡದ ಕಾಡು, ಮಕ್ಕಳ ಕಾಡು

ಮೊಂಟೆವೆರ್ಡೆ ಕಾಡಿನಲ್ಲಿ ಮಳೆ ಬೀಳುವುದಷ್ಟೇ ಅಲ್ಲ, ಮೋಡವೂ ಬಂದು ತಾಗುತ್ತದೆ. ಎಲೆಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಒಂದೊಂದು ಕೊಂಬೆಯ ಮೇಲೂ ಪಾಚಿ, ಜರೀಗಿಡ, ಸೀತಾಳೆಗಳ ಇನ್ನೊಂದು ತೋಟ. ಕಾಡಿನ ನೆತ್ತಿಯಲ್ಲಿ ಒಂದು ಏಣು ಇದೆ. ಅದರ ಈಚೆಯ ಹನಿ ಪೆಸಿಫಿಕ್‌ಗೆ, ಆಚೆಯ ಹನಿ ಕೆರಿಬಿಯನ್‌ಗೆ, ನಮ್ಮ ಆಮೆಯ ಕಡಲಿಗೆ. ಗಾಳಿ ಎಷ್ಟು ಜೋರು ಅಂದರೆ ಅಲ್ಲಿನ ಮರಗಳೆಲ್ಲ ಕುಳ್ಳ.

ಇಲ್ಲಿಗೆ 1951ರ ಹೊತ್ತಿಗೆ ಅಮೆರಿಕದ ಅಲಬಾಮಾದಿಂದ ಕೆಲವು ಕ್ವೇಕರ್ ಕುಟುಂಬಗಳು ಬಂದು ನೆಲೆಸಿದವು. ಅವರದ್ದು ಯುದ್ಧ ಬೇಡ ಅನ್ನುವ ಧರ್ಮ. ಸೈನ್ಯಕ್ಕೆ ಹೆಸರು ಬರೆಸಲು ಒಪ್ಪದ ನಾಲ್ವರು ಜೈಲಿಗೂ ಹೋಗಿದ್ದರು. ಸೈನ್ಯವೇ ಇಲ್ಲದ ದೇಶ ಹುಡುಕಿ ಬಂದವರು ದನ ಸಾಕಿದರು, ಚೀಸ್ ಮಾಡಿದರು. ನೀರಿನ ಮೂಲ ಒಣಗಬಾರದು ಅಂತ ಮೇಲಿನ ಕಾಡನ್ನು ಮುಟ್ಟದೆ ಬಿಟ್ಟರು. 1972ರಲ್ಲಿ ಆದ ಸಂರಕ್ಷಿತ ಕಾಡಿಗೆ ಆ ಕಾಡೂ ಸೇರಿತು.

ಕಾಡು ಉಳಿದರೂ ಎಲ್ಲವೂ ಉಳಿಯಲಿಲ್ಲ. ಇಲ್ಲಿನ ಈ ಗುಡ್ಡದಲ್ಲಿ ಮಾತ್ರ ಇದ್ದ ಬಂಗಾರದ ಬಣ್ಣದ ಒಂದು ಕಪ್ಪೆ 1987ರಲ್ಲಿ ನೂರಾರು ಕಂಡಿತ್ತು. 1989ರಲ್ಲಿ ಕಂಡದ್ದು ಒಂದೇ ಒಂದು. ಆಮೇಲೆ ಯಾರೂ ಕಂಡಿಲ್ಲ. ಕಪ್ಪೆಗಳ ಚರ್ಮಕ್ಕೆ ತಗಲುವ ಶಿಲೀಂಧ್ರ ರೋಗ, ಒಣಗಿದ ಹವೆ ಎರಡೂ ಕಾರಣ ಅನ್ನುತ್ತಾರೆ. ಮಗಳು ಆ ಕಪ್ಪೆಯ ಕಥೆ ಬರೆದ ಫಲಕದ ಮುಂದೆ ಬಹಳ ಹೊತ್ತು ನಿಂತಳು. ನಾನು ಕರೆಯಲಿಲ್ಲ.

ಮಧ್ಯಾಹ್ನದ ಮೇಲೆ ಊರಿನ ಕೆಳಗಿರುವ ಬಾಹೊ ದೆಲ್ ತಿಗ್ರೆಗೆ ಹೋದೆವು. ಇದು ‘ಮಕ್ಕಳ ಶಾಶ್ವತ ಕಾಡು’ ಎಂಬ ದೊಡ್ಡ ಕಾಡಿನ ಒಂದು ಬಾಗಿಲು. 1987ರಲ್ಲಿ ಸ್ವೀಡನ್ನಿನ ಒಂದು ಹಳ್ಳಿಶಾಲೆಯ ಮಕ್ಕಳು, ಏಹಾ ಕೆರ್ನ್ ಎಂಬ ಟೀಚರ್ ಹತ್ತಿರ ಮಳೆಕಾಡಿನ ಪಾಠ ಕಲಿಯುತ್ತಿದ್ದರು. ಆ ಕಾಡು ಉಳಿಸಲು ನಾವು ಏನು ಮಾಡಬಹುದು ಅಂತ ಒಬ್ಬ ಹುಡುಗ ಕೇಳಿದ. ಮೊಂಟೆವೆರ್ಡೆಯಲ್ಲಿ ಕೆಲಸ ಮಾಡಿದ ಜೀವವಿಜ್ಞಾನಿಯೊಬ್ಬರು ಬಂದು, ಅಲ್ಲಿ ಕಾಡು ಕೊಂಡು ಉಳಿಸಬಹುದು ಅಂತ ತಿಳಿಸಿದರು. ಮಕ್ಕಳು ನಾಟಕ ಆಡಿದರು, ತಿಂಡಿ ಮಾಡಿ ಮಾರಿದರು, ಕೆಲವು ಎಕರೆ ಕಾಡಿಗೆ ಆಗುವಷ್ಟು ದುಡ್ಡು ಕೂಡಿಸಿದರು. ಸುದ್ದಿ ಹಬ್ಬಿ ನಲವತ್ತಕ್ಕೂ ಹೆಚ್ಚು ದೇಶಗಳ ಮಕ್ಕಳು ಕೈ ಸೇರಿಸಿದರು. ಈಗ ಅದು 22,000 ಹೆಕ್ಟೇರ್‌ಗೂ ಮೀರಿದ ಕಾಡು. ದೇಶದಲ್ಲೇ ಅತಿ ದೊಡ್ಡ ಖಾಸಗಿ ಸಂರಕ್ಷಿತ ಕಾಡು.

“ನನ್ನ ವಯಸ್ಸಿನವರಾ?” ಅಂತ ಮಗ ಕೇಳಿದ. ಹೌದು ಅಂದೆ. ಅವನು ಅಜ್ಜಿಯ ಕಡೆ ತಿರುಗಿದ. “ನೀನು ಯಾವ ಕಾಡು ಉಳಿಸಿದ್ದೀಯಾ?”

ಆಗ ಅಮ್ಮ ಅಪ್ಪಿಕೋ ಕಥೆ ಹೇಳಿದಳು. ನಾನೂ ಪೂರ್ತಿ ಕೇಳಿದ್ದು ಅವತ್ತೇ. 1983ರ ಸೆಪ್ಟೆಂಬರ್, ಶಿರಸಿ ಹತ್ತಿರ ಸಾಲ್ಕಣಿಯವರು ಕಳಸೆ ಕಾಡಿಗೆ ನಡೆದು ಹೋಗಿ, ಕಡಿಯಲು ಬಂದವರ ಎದುರು ಮರಗಳನ್ನು ತಬ್ಬಿ ನಿಂತರು. ಅದು ಊರಿಂದ ಊರಿಗೆ ಹಬ್ಬಿತು. ಅಮ್ಮನಿಗೆ ಆಗ ಇಪ್ಪತ್ತೈದರ ಹತ್ತಿರ. ಅವರ ಊರಿನ ಬೆಟ್ಟಕ್ಕೂ ಕೊಡಲಿ ಬಂದಾಗ ಬುತ್ತಿ ಕಟ್ಟಿಕೊಂಡು ಹೆಂಗಸರ ಜೊತೆ ಹೋಗಿದ್ದಳಂತೆ. ಉಂಬಳ ಕಚ್ಚಿದ್ದು, ಮಳೆ ಬಂದದ್ದು, ಬುತ್ತಿ ಅನ್ನ ನೆನೆದು ಹೋದದ್ದು ಎಲ್ಲ ಹೇಳಿದಳು.

“ಮರ ಎಷ್ಟು ದಪ್ಪ ಇತ್ತು?”

“ನನ್ನ ಕೈ ಸಾಲಲಿಲ್ಲ. ಆಚೆ ಕಡೆಯಿಂದ ಪಕ್ಕದ ಮನೆಯವಳು ಕೈ ಹಿಡಿದುಕೊಂಡಳು.”

ಕಾಡಿನ ಅಂಚಿನ ಬೆಂಚಿನಲ್ಲಿ ಕೂತಿದ್ದೆವು. ಮೋಡ ಸರಿದು ಕೆಳಗೆ ದೂರದಲ್ಲಿ ನಿಕೋಯಾ ಕೊಲ್ಲಿ ಕಂಡಿತು, ಸಂಜೆ ಬಿಸಿಲಿಗೆ ತಾಮ್ರದ ತಟ್ಟೆಯ ಹಾಗೆ. ಅಮ್ಮ ಕೈಚೀಲದಿಂದ ಉಳಿದ ಅವಲಕ್ಕಿ ತೆಗೆದು ಎಲ್ಲರ ಅಂಗೈಗೂ ಹಾಕಿದಳು. ಆಮೇಲೆ ಕಾವಲಿನವರ ಹತ್ತಿರ ಹೋಗಿ, ಅವರ ಅಂಗೈಗೂ ಹಾಕಿದಳು.